ಟೈಲರಕ್ಕನ ಟ್ರಯಲ್

ಟೈಲರಕ್ಕನ ಮದುವೆಗೆಂದು ನಾನು ಗೋಡೆ ಗಡಿಯಾರ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಮದುವೆಯೇ ಇರಲಿಲ್ಲ ಎಂಬುದು ಬೇರೆ ಮಾತು.

ತಪ್ಪು ಪೂರ್ತಿ ನನ್ನದೇ ಅಲ್ಲ. ಅರವತ್ತೇಳು ವರ್ಷದ ಒಂಟಿ ಹೆಂಗಸೊಬ್ಬರು ನಿಮ್ಮನ್ನು ಅಂಗಡಿಯೊಳಗೆ ಕರೆದು, ಬಾಗಿಲು ಅರ್ಧ ಮುಚ್ಚಿ, “ಶನಿವಾರ ಹನ್ನೊಂದಕ್ಕೆ ನೋಟರಿ ಆಫೀಸಿಗೆ ಬಾ. ನಿನ್ನ ಸಹಿ ಬೇಕು. ಆ ಬಿಳಿ ಶರ್ಟ್ ಹಾಕ್ಕೊ. ಗಡಿಯಾರದ ಮಾಮನೂ ಬರ್ತಾನೆ. ಬೀದಿಗೆಲ್ಲ ಸಾರ್ಕೊಂಡು ಬರಬೇಡ,” ಎಂದರೆ ನೀವಾದರೂ ಏನೆಂದುಕೊಳ್ಳುತ್ತೀರಿ? ಗಡಿಯಾರದ ಮಾಮ ಎಂದರೆ ಪಕ್ಕದ ಮಳಿಗೆಯಲ್ಲಿ ಕೈಗಡಿಯಾರ ರಿಪೇರಿ ಮಾಡುವ ವಿಧುರ. ಇಪ್ಪತ್ತು ವರ್ಷಗಳಿಂದ ಇಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು, ದಿನಕ್ಕೊಂದು ಜಗಳ ತಪ್ಪಿಸುತ್ತಿರಲಿಲ್ಲ. ಗಂಡ ಹೆಂಡತಿಯಾಗಲು ಇನ್ನೇನು ಬಾಕಿ?

ಹಾಗಾಗಿ ಗಡಿಯಾರ ರಿಪೇರಿಯವನಿಗೆ ಗಡಿಯಾರವನ್ನೇ ಉಡುಗೊರೆ ಕೊಡುವ ಜಾಣತನ ತೋರಿಸಿದೆ. ಮೇಲೊಂದು ಚೀಟಿ ಬೇರೆ: ‘ನಿಮ್ಮ ಉಳಿದ ಸಮಯವೆಲ್ಲ ಸುಖವಾಗಿ ಕಳೆಯಲಿ.’

ನೋಟರಿ ಓದತೊಡಗಿದಾಗ ನನ್ನ ಮುಖದ ನಗು ಎಲ್ಲಿಡಬೇಕೆಂದು ತಿಳಿಯಲಿಲ್ಲ. ‘ನಾನು ಗುಣವಾಗುವ ಭರವಸೆ ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಯಂತ್ರಗಳಿಂದ ನನ್ನ ಉಸಿರನ್ನು ಹಿಡಿದಿಡಬಾರದು. ನೋವು ತಗ್ಗಿಸಬೇಕು. ನನ್ನ ಕೈಗಳನ್ನು ಕಟ್ಟಬಾರದು. ನನಗೆ ಮಾತಾಡಲು ಆಗದಿದ್ದರೆ ನನ್ನ ಪರವಾಗಿ ಈತ ಮಾತಾಡುತ್ತಾನೆ.’

ಈತ ಎಂದರೆ ನಾನು. ಮಾಮ ಬರೀ ಸಾಕ್ಷಿ.

ಅಕ್ಕ ನನ್ನ ಚೀಟಿ ಓದಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಸರಿಯಾಗೇ ಬರೆದಿದೀಯ ಕಣೋ. ಉಳಿದಿದ್ದು ಸುಖವಾಗಿ ಕಳೀಲಿ ಅಂತಾನೇ ಈ ಕಾಗದ.” ಮಾಮ ಗಡಿಯಾರವನ್ನು ಕಿವಿಗೆ ಹಿಡಿದು, “ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ,” ಎಂದರು.

ನನ್ನ ವಿಷಯ ಎರಡು ಸಾಲಿನಲ್ಲಿ ಮುಗಿಯುತ್ತದೆ. ಲಿಫ್ಟ್ ಕಂಪನಿಯೊಂದರಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿದರೆ, “ಗಾಬರಿ ಆಗಬೇಡಿ, ನಮ್ಮ ಜನ ದಾರಿಯಲ್ಲಿದಾರೆ,” ಎನ್ನುವುದೇ ನನ್ನ ಉದ್ಯೋಗ. ಅಕ್ಕನ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಆ ಕೆಲಸದ ಸಂದರ್ಶನಕ್ಕೆ ಹೊರಟ ಬೆಳಿಗ್ಗೆ ಮೆಟ್ಟಿಲ ಬಳಿ ನನ್ನನ್ನು ತಡೆದು, “ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಪ್ಯಾಂಟಿನದೋ ನಿನ್ನದೋ?” ಎಂದು ಕೇಳಿ, ನನ್ನನ್ನು ಟವೆಲ್ಲಿನಲ್ಲಿ ಕೂರಿಸಿ ಹತ್ತೇ ನಿಮಿಷದಲ್ಲಿ ಅಂಚು ಬಿಚ್ಚಿ ಹೊಲಿದುಕೊಟ್ಟವರು ಅವರು. ಅಂದಿನಿಂದ ನನ್ನ ಹೆಸರು ‘ಲಿಫ್ಟು’.

“ನಾನೇ ಯಾಕಕ್ಕಾ? ಮಾಮ ಇದಾರಲ್ಲ?” ಎಂದು ನೋಟರಿ ಆಫೀಸಿನಿಂದ ಬರುವಾಗ ಕೇಳಿದ್ದೆ.

“ಅವನಾ? ಹನ್ನೆರಡು ವರ್ಷದಿಂದ ನಿಂತಿರೋ ಗಡಿಯಾರಗಳನ್ನ ಇನ್ನೂ ಡಬ್ಬಿಯಲ್ಲಿ ಇಟ್ಕೊಂಡಿದಾನೆ. ಬಿಡೋಕೆ ಬರಲ್ಲ ಅವನಿಗೆ. ನೀನು ಹೇಳಿದ್ದನ್ನ ಹೇಳಿದ ಹಾಗೆ ಬರ್ಕೊಳ್ತೀಯ. ನನಗೆ ಅದು ಸಾಕು.”

ಮಾಮನಿಗೆ ಈ ಕಾಗದವೇ ಸರಿಬಂದಿರಲಿಲ್ಲ. “ಓಡ್ತಿರೋದನ್ನ ನಿಲ್ಲಿಸೋಕೆ ನಾವ್ಯಾರು?”

“ಓಡೋದನ್ನ ನಿಲ್ಲಿಸಿ ಅಂದ್ನಾ? ನಿಂತಿದ್ದನ್ನ ಬೆರಳಲ್ಲಿ ತಿರುಗಿಸ್ತಾ ಓಡ್ತಿದೆ ಅಂತ ಹೇಳಬೇಡಿ ಅಂದೆ.”

ಅಕ್ಕ ಯಾವ ಬಟ್ಟೆಯನ್ನೂ ನೇರವಾಗಿ ಹೊಲಿದು ಮುಗಿಸಿದವರಲ್ಲ. ಮೊದಲು ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ. ಗಿರಾಕಿ ತೊಟ್ಟು ನೋಡಬೇಕು, ಕೈ ಎತ್ತಬೇಕು, ಕೂರಬೇಕು. ಎಲ್ಲ ಸರಿಯಿದ್ದರೆ ಯಂತ್ರದ ಹೊಲಿಗೆ, ಆಮೇಲೆ ಬಿಳಿ ದಾರ ಕಿತ್ತು ಕಸಕ್ಕೆ. ಟ್ರಯಲ್ ನೋಡದೆ ಕರವಸ್ತ್ರವನ್ನೂ ಕೊಡುತ್ತಿರಲಿಲ್ಲ. ಇಂಥವರು ತಮ್ಮ ಸಾವನ್ನು ಮಾತ್ರ ಟ್ರಯಲ್ ಇಲ್ಲದೆ ಬಿಡುತ್ತಾರೆಯೇ?

ಮುಂದಿನ ಭಾನುವಾರ ಕತ್ತರಿಸುವ ಮೇಜಿನ ಮೇಲಿಂದ ಸೀಮೆಸುಣ್ಣ, ಟೇಪು ಸರಿಸಿ ತಾವೇ ಮಲಗಿದರು. ಕೋಟಿನ ಬಟ್ಟೆ ಹೊದಿಕೆಯಾಯಿತು. ಗೊಣಗುತ್ತಲೇ ಡಾಕ್ಟರಾದ ಮಾಮ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, “ನೋಡಪ್ಪಾ, ಪರಿಸ್ಥಿತಿ ಕೈಮೀರಿದೆ. ಏನು ಮಾಡೋಣ ಹೇಳು,” ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ಬಾಯಿಗೆ ಬಂದದ್ದು ಅಭ್ಯಾಸದ ಮಾತೇ. “ಗಾಬರಿ ಆಗಬೇಡಿ, ನಮ್ಮ ಜನ ದಾರಿಯಲ್ಲಿದಾರೆ.”

ಸಾಯುತ್ತಿದ್ದವರು ಎದ್ದು ಕುಳಿತರು. “ಏ ಲಿಫ್ಟು! ನಾನು ಸಾಯ್ತಿದೀನಿ ಕಣೋ, ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿಲ್ಲ!”

ಮೂರು ಸಲ ಮಾಡಿಸಿದರು. ‘ಸಾಕು, ತೆಗೀರಿ’ ಎಂಬ ಎರಡೇ ಮಾತು. ಮೂರು ಸಲವೂ ನನಗೆ ನಗು ಉಕ್ಕಿತು, ಮೂರನೆಯ ಸಲ ಮಾಮನಿಗೂ. ಅಕ್ಕ ನಗಲಿಲ್ಲ. ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ತಮ್ಮ ಅಕ್ಕನ ಕತೆ ಹೇಳಿದರು.

“ನಲವತ್ತೊಂದು ದಿನ ಯಂತ್ರದಲ್ಲಿ ಇದ್ದಳು. ‘ಏನಾದ್ರೂ ಮಾಡಿ ಉಳಿಸಿ’ ಅಂತ ಸಹಿ ಹಾಕಿದ್ದು ನಾನೇ. ನಳಿಕೆ ಕಿತ್ಕೊಳ್ತಾಳೆ ಅಂತ ಅವಳ ಕೈ ಮಂಚಕ್ಕೆ ಕಟ್ಟಿದ್ರು. ಮಣಿಕಟ್ಟು ಕೆಂಪಾಗಿತ್ತು. ನಾನು ಅಳತೆ ತಗೊಂಡು, ಒಳಗೆ ಹತ್ತಿ ಇಟ್ಟು, ಮೆತ್ತಗೆ ಎರಡು ಪಟ್ಟಿ ಹೊಲಿದುಕೊಟ್ಟೆ. ಎಷ್ಟು ಚೆನ್ನಾಗಿತ್ತು ಅಂದ್ರೆ, ಇನ್ನೂ ಇಪ್ಪತ್ತು ಬೇಕು ಅಂದ್ರು ಆಸ್ಪತ್ರೆಯವರು.” ಹೊದ್ದಿದ್ದ ಕೋಟಿನ ಬಟ್ಟೆಯನ್ನು ಮಡಚಿಟ್ಟರು. “ಒಂದಿನ ನನ್ನ ಅಂಗೈ ಮೇಲೆ ಬೆರಳಲ್ಲಿ ‘ಕತ್ತರಿ’ ಅಂತ ಬರೆದಳು. ಕತ್ತರಿ ನನ್ನ ಚೀಲದಲ್ಲೇ ಇತ್ತು. ಪಟ್ಟಿ ಕತ್ತರಿಸು ಅಂದಳೋ, ನಳಿಕೆ ಕತ್ತರಿಸು ಅಂದಳೋ ಗೊತ್ತಾಗ್ಲಿಲ್ಲ. ಎರಡೂ ಮಾಡಲಿಲ್ಲ.”

ಆಮೇಲೆ ತಮ್ಮ ವಿಷಯಕ್ಕೆ ಬಂದರು. ಅಂಥ ಕಾಲ ಬಂದರೆ ಒಂದು ಸೂಜಿಮದ್ದು ಕೊಟ್ಟು ಮುಗಿಸುತ್ತೀರಾ ಎಂದು ತಾವು ತೋರಿಸಿಕೊಳ್ಳುವ ಆಸ್ಪತ್ರೆಯ ಡಾಕ್ಟರಮ್ಮನನ್ನೇ ಕೇಳಿದ್ದರಂತೆ. “ಕಾನೂನೂ ಒಪ್ಪಲ್ಲ, ನನ್ನ ಕೈಯೂ ಒಪ್ಪಲ್ಲ. ಆದ್ರೆ ನೋವು ತಗ್ಗಿಸ್ತೀನಿ, ಬಲವಂತವಾಗಿ ಹಿಡಿದಿಡಲ್ಲ,” ಎಂದಿದ್ದರಂತೆ ಅವರು. “ಡಾಕ್ಟರಮ್ಮನ ಕೈ ಅವರದು. ಬೇರೆಯವರ ಕೈಯಲ್ಲಿ ಮಾಡಿಸಿದ್ರೆ ಅದನ್ನ ಅವರು ಹೊತ್ಕೊಂಡು ಬಾಳಬೇಕಲ್ಲ. ನಾನು ಹೊತ್ಕೊಂಡಿದೀನಿ, ಭಾರ ಗೊತ್ತು,” ಎಂದರು ಅಕ್ಕ. ನಾಲ್ಕನೆಯ ಸಲ ನಾನು ನಗದೆ ಹೇಳಿದೆ. ದನಿ ಮಾತ್ರ ಇಲಿಯದು.

ಆ ಕಾಗದ ಎರಡು ವರ್ಷ ಗುಂಡಿಗಳ ಡಬ್ಬಿಯ ಕೆಳಗೆ ಮಲಗಿತ್ತು. ಒಂದು ಮಧ್ಯಾಹ್ನ ನಾನು ಯಾರೋ ಏಳನೇ ಮಹಡಿಯವರಿಗೆ ಧೈರ್ಯ ಹೇಳುತ್ತಿದ್ದಾಗ ಮಾಮನ ಫೋನ್ ಬಂತು. ಅಕ್ಕನಿಗೆ ಎರಡೂ ಶ್ವಾಸಕೋಶಕ್ಕೆ ಸೋಂಕು, ಎಚ್ಚರವಿಲ್ಲ. ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿ, ಉಸಿರಾಟದ ಯಂತ್ರ ಬೇಕಾಗುತ್ತದೆ ಎಂದರು. ನನ್ನ ತಲೆಯಲ್ಲಿ ಹುಟ್ಟಿದ್ದು ಒಂದೇ ಪ್ರಶ್ನೆ.

“ಮೇಡಂ, ಇದು ಕಚ್ಚಾ ಹೊಲಿಗೆನಾ, ಪಕ್ಕಾ ಹೊಲಿಗೆನಾ?”

ಅವರು ನನ್ನನ್ನು ನೋಡಿದರು. ನಾನು ತೊದಲುತ್ತಾ ಬಿಳಿ ದಾರದ ವಿಷಯ ಹೇಳಿದೆ. “ಕಚ್ಚಾ ಹೊಲಿಗೆ,” ಎಂದರು. “ಐದು ದಿನ. ಗುಣವಾಗೋ ಭರವಸೆ ಇದೆ. ಆಗದಿದ್ರೆ ಮತ್ತೆ ನಿಮ್ಮನ್ನೇ ಕೇಳ್ತೀನಿ.”

ಕೈ ಕಟ್ಟಬಾರದಲ್ಲ, ಹಾಗಾಗಿ ಹಿಡಿದುಕೊಂಡು ಕೂರುವ ಕೆಲಸ ನಮಗೆ ಬಂತು. ಬೆಳಿಗ್ಗೆ ನಾನು, ಮಧ್ಯಾಹ್ನ ಮಾಮ, ಉಳಿದ ಹೊತ್ತು ಪಾಳಿಯ ನರ್ಸು. ಅಕ್ಕನ ಹೆಬ್ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಜಾಗ ನನ್ನ ಅಂಗೈಗೆ ಒರಟಾಗಿ ತಾಗುತ್ತಿತ್ತು. ನನ್ನ ಪ್ಯಾಂಟಿನ ಅಂಚು ಹೊಲಿದ ಕೈ. ಒಂದು ಸಲವೂ ‘ಥ್ಯಾಂಕ್ಸ್’ ಹೇಳಿರಲಿಲ್ಲ ಎಂದು ಆಗ ನೆನಪಾಯಿತು. ಹೇಳಿದೆ. ಯಂತ್ರ ಉಸಿರು ಬಿಟ್ಟಿತು.

ಐದನೆಯ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಮಂಚದ ಪಕ್ಕ ನಿಲ್ಲಿಸಿಕೊಂಡರು. ಔಷಧ ಹಿಡಿಯುತ್ತಿಲ್ಲ. ಮುಂದುವರಿಸಬೇಕೆಂದರೆ ಗಂಟಲು ಕೊರೆದು ನಳಿಕೆ ಹಾಕಬೇಕು. ಆಮೇಲೆ ಹಾಗೇ ತಿಂಗಳುಗಳೇ ಕಳೆಯಬಹುದು, ಯಂತ್ರದಿಂದ ಹೊರಬರುತ್ತಾರೆಂಬ ಭರವಸೆ ತಮಗಿಲ್ಲ. ತೆಗೆದರೆ ಬಹುಶಃ ಕೆಲವು ಗಂಟೆ, ಒದ್ದಾಡದಂತೆ ನೋಡಿಕೊಳ್ಳುತ್ತಾರೆ.

“ಇನ್ನೊಂದು ವಾರ ನೋಡೋಣ ಮಗಾ,” ಎಂದರು ಮಾಮ. ಅವರು ನನ್ನನ್ನು ಮಗಾ ಎಂದದ್ದು ಅದೇ ಮೊದಲು. ಒಪ್ಪಿಬಿಡೋಣ ಎನ್ನಿಸಿತು. ನಮ್ಮ ಜನ ದಾರಿಯಲ್ಲಿದ್ದಾರೆ ಎಂದುಬಿಡುವುದು ಎಷ್ಟು ಸುಲಭ! ಆದರೆ ದಾರಿಯಲ್ಲಿ ಯಾರೂ ಇರಲಿಲ್ಲ. ಅಕ್ಕನ ಮಣಿಕಟ್ಟು ನೋಡಿದೆ. ಗುರುತಿಲ್ಲದೆ ಬೆಳ್ಳಗಿತ್ತು.

“ಸಾಕು,” ಎಂದೆ. “ತೆಗೀರಿ.”

ತೆಗೆದರು. ಮಾಮ ಒಂದು ಕೈ ಹಿಡಿದರು, ನಾನು ಇನ್ನೊಂದು. ಅಕ್ಕ ಉಸಿರಾಡಿದರು. ತಡವರಿಸಿ ಮತ್ತೆ ಉಸಿರಾಡಿದರು. ಸಂಜೆಯಾಯಿತು, ಉಸಿರಾಟ ನಿಲ್ಲಲಿಲ್ಲ. ಮರುದಿನ ಕಣ್ಣು ಬಿಟ್ಟರು. ನನಗೆ ಅದನ್ನು ಪವಾಡ ಎಂದು ಬರೆಯುವ ಆಸೆ ಇತ್ತು, ಡಾಕ್ಟರಮ್ಮ ಬಿಡಲಿಲ್ಲ. “ಔಷಧ ತಡವಾಗಿ ಹಿಡೀತು. ನನ್ನ ಅಂದಾಜು ತಪ್ಪಿತು. ಇಷ್ಟು ಖುಷಿಯಿಂದ ನಾನು ಯಾವತ್ತೂ ತಪ್ಪು ಒಪ್ಕೊಂಡಿಲ್ಲ.”

ಅಂದೇ ಅಕ್ಕ ಹೋಗಿದ್ದರೂ ನಾನು ಹೇಳಿದ್ದು ಅದೇ ಮಾತಾಗಿರುತ್ತಿತ್ತು. ಇದನ್ನು ನನಗೆ ನಾನೇ ಆಗಾಗ ಹೇಳಿಕೊಳ್ಳಬೇಕಾಗುತ್ತದೆ. ಹೇಳಿಕೊಟ್ಟ ಗುರು ಇನ್ನೂ ಕೆಳಗಿನ ಅಂಗಡಿಯಲ್ಲಿ ಯಂತ್ರ ತುಳಿಯುತ್ತಿದ್ದಾರೆ ಎಂಬುದು ನನ್ನ ಪಾಲಿನ ಅದೃಷ್ಟ. ಬೆಳಿಗ್ಗೆ ಆ ಸದ್ದಿಗೇ ಏಳುತ್ತೇನೆ. ನಾನು ಕೊಟ್ಟ ಗಡಿಯಾರ ಅವರ ಗೋಡೆಯ ಮೇಲಿದೆ. ಮಾಮ ದಿನಾ ಬಂದು ನಾಲ್ಕು ನಿಮಿಷ ಮುಂದಕ್ಕೆ ತಿರುಗಿಸಿ, ಚಹಾ ಕುಡಿದು, ಜಗಳವಾಡಿ ಹೋಗುತ್ತಾರೆ.

ಎರಡು ತಿಂಗಳು ತಡೆದುಕೊಂಡೆ. ಕೊನೆಗೊಂದು ದಿನ, ಅವರು ಯಾರದೋ ಕೋಟಿನಿಂದ ಬಿಳಿ ದಾರ ಕೀಳುತ್ತಿದ್ದಾಗ, ಕೇಳಿಯೇಬಿಟ್ಟೆ.

“ಅಕ್ಕಾ, ಅವತ್ತು ನೀವು ಹೋಗ್ತೀರಿ ಅಂತ ಗೊತ್ತಿದ್ದೇ ನಾನು ‘ಸಾಕು’ ಅಂದೆ. ನನ್ನ ಮೇಲೆ ಕೋಪ ಇಲ್ವಾ?”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದರು.

“ಅಂದಿದ್ದು ಕೇಳಿಸ್ತು. ಟ್ರಯಲ್‌ಗಿಂತ ಚೆನ್ನಾಗೇ ಅಂದೆ. ಆದ್ರೆ ಮುಂದಿನ ಸಲ ಮೂಗು ಒರೆಸ್ಕೊಂಡು ಹೇಳು, ನನ್ನ ಕೈಮೇಲೆಲ್ಲ ಸೋರ್ತಿತ್ತು.”