ಸಾಂತುವಿನ ಬದಲು ಪವಿತ್ರಾತ್ಮ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಇಳಕಲ್ಲಿನಲ್ಲಿ ನೇಕಾರ ಸಾಂತಪ್ಪನ ಮನೆಯ ಪಡಸಾಲೆ. ಬಲಕ್ಕೆ ನೇಯುವವನು ಕಾಲು ಇಳಿಬಿಡುವ ಮಗ್ಗದ ಕುಣಿ, ಎಡಕ್ಕೆ ಗೋಡೆ, ನಡುವೆ ಒಬ್ಬ ಮನುಷ್ಯ ಮೈ ಹಿಡಿದುಕೊಂಡು ನಿಲ್ಲುವಷ್ಟು ಜಾಗ. ಅಲ್ಲಿ ನಾನಿದ್ದೆ, ಕೈಯಲ್ಲಿ ಪ್ರಾರ್ಥನೆಯ ಹೊಸ ಪುಸ್ತಕ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಟೋಬರ್, ಎಂದರೆ ನಮ್ಮ ಕಥೋಲಿಕರಿಗೆ ಜಪಸರದ ತಿಂಗಳು. ಎರಡನೆಯ ಶುಕ್ರವಾರ, ಸಂಜೆ ಆರೂಕಾಲು. ಗೋಡೆಯ ಗಡಿಯಾರ ಆರೂವರೆ ಎನ್ನುತ್ತಿತ್ತು. ಅದು ಕಾಲು ತಾಸು ಮುಂದಿದೆಯೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂದು ಅಲ್ಲಿ ಕೇಳಿದ ಒಂದು ಶಬ್ದದಿಂದ ನಾನು ಇನ್ನೂ ಪೂರ್ತಿ ಸುಧಾರಿಸಿಕೊಂಡಿಲ್ಲ. ಹಾಗಾದವನು ಅಳತೆ, ವೇಳೆ ಇಂಥವನ್ನೇ ಹಿಡಿದುಕೊಂಡು ಕೂಡುತ್ತಾನೆ.

ಆಗ ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಸ್ವಂತ ಊರು ಬಾದಾಮಿ. ನನ್ನ ಟ್ರಂಕಿನಲ್ಲಿ ಎರಡು ಪ್ರಾರ್ಥನೆ ಪುಸ್ತಕಗಳಿದ್ದವು. ಒಂದು ಅಪ್ಪನ ಕಾಲದ್ದು, ರಟ್ಟು ಹೋಗಿ ದಾರದಲ್ಲಿ ಕಟ್ಟಿಸಿಕೊಂಡಿತ್ತು. ಇನ್ನೊಂದು ಹೊಸದು, ತೆಳ್ಳನೆಯದು. ರೋಮಿನಲ್ಲಿ ದೊಡ್ಡ ಸಭೆ ಸೇರಿ, ದೇವರೊಡನೆ ಜನ ತಮ್ಮ ಭಾಷೆಯಲ್ಲೇ ಮಾತಾಡಲಿ ಎಂದು ತೀರ್ಮಾನವಾದ ಮೇಲೆ ಪೂಜೆ ಲತೀನಿನಿಂದ ಕನ್ನಡಕ್ಕೆ ಬಂತು. ಹಳೆಯ ಕನ್ನಡ ಪ್ರಾರ್ಥನೆಗಳೂ ಅದೇ ಗಾಳಿಯಲ್ಲಿ ತಿದ್ದುಪಡಿಯಾದವು. ಬಾದಾಮಿಯಿಂದ ಅವ್ವ, ‘ಹಳೇದನ್ನ ಹೇಳ್ತಿಯಿಲ್ಲೋ?’ ಎಂದು ಕಾಗದ ಬರೆಸುತ್ತಿದ್ದಳು. ಬಾಗಲಕೋಟೆಯಿಂದ ತಿಂಗಳಿಗೊಮ್ಮೆ ಬರುವ ಫಾದರು, ‘ಹೊಸದನ್ನೇ ಹೇಳುತ್ತೀರಷ್ಟೆ?’ ಎಂದು ಕೇಳುತ್ತಿದ್ದರು. ಇಬ್ಬರಿಗೂ ಹೌದು ಎಂದಿದ್ದೆ. ಆ ಎರಡು ಹೌದುಗಳನ್ನು ಖರೆ ಮಾಡಲು ನನ್ನ ಕೋಣೆಯಲ್ಲಿ ಒಬ್ಬನೇ ಹೇಳುವಾಗ ಬೆಳಿಗ್ಗೆ ಹಳೆಯದು, ಸಂಜೆ ಹೊಸದು ಎಂದು ಹಂಚಿಕೊಂಡೆ. ಜಪಸರದ ನಾಲ್ಕನೆಯ ಹತ್ತು ಮಣಿಗಳಿಗೆ ಬರುವಷ್ಟರಲ್ಲಿ ಬೆಳಿಗ್ಗೆಯೂ ತೂಕಡಿಸುತ್ತಿದ್ದೆ, ಸಂಜೆಯೂ ತೂಕಡಿಸುತ್ತಿದ್ದೆ. ನನ್ನ ನಿದ್ದೆಗೆ ಹಳತು ಹೊಸತೆಂಬ ಭೇದವಿರಲಿಲ್ಲ.

ಮೇಲುನೋಟಕ್ಕೆ ವ್ಯತ್ಯಾಸ ಸಣ್ಣದು. ಹಳೆಯ ಪುಸ್ತಕದಲ್ಲಿ ಶಿಲುಬೆಯ ಗುರುತು ಹಾಕುವಾಗ ಪಿತ, ಸುತ, ಇಸ್ಪಿರಿತು ಸಾಂತು ಎನ್ನಬೇಕು. ಹಣೆಗೆ ಪಿತ, ಎದೆಗೆ ಸುತ, ಎಡ ಹೆಗಲಿಗೆ ಇಸ್ಪಿರಿತು, ಬಲ ಹೆಗಲಿಗೆ ಸಾಂತು. ಹೊಸದರಲ್ಲಿ ಇಸ್ಪಿರಿತು ಸಾಂತುವನ್ನು ತೆಗೆದು ಪವಿತ್ರಾತ್ಮ ಎಂದು ಹಾಕಿದರು. ನಾನು ಕನ್ನಡ ಓದಿಸುವವನಲ್ಲವೇ, ಈ ಬದಲಾವಣೆ ನನಗೆ ಹಿತವಾಗಬೇಕಿತ್ತು. ಕಡಲು ದಾಟಿ ಬಂದ ಪಾದ್ರಿಗಳ ಬಾಯಿಂದ ಬಿದ್ದ ಪೋರ್ಚುಗೀಸ್ ಶಬ್ದ ಹೋಗಿ ನಮ್ಮ ಶಬ್ದ ಬಂತು ಎಂದು ಸಂತೋಷಪಡಲು ಹೊರಟೆ. ಆಮೇಲೆ ನೋಡಿದರೆ ಬಂದದ್ದು ಸಂಸ್ಕೃತ. ಇಸ್ಪಿರಿತು ಎಂಬುದು ನೇಕಾರರ ಬಾಯಲ್ಲಿ ಎಷ್ಟೋ ತಲೆಮಾರು ಉರುಳಿ ನುಣ್ಣಗಾಗಿತ್ತು. ಪವಿತ್ರಾತ್ಮವೇ ಅವರ ನಾಲಿಗೆಗೆ ತೊಡಕು. ಯಾವುದು ನಮ್ಮದು, ಯಾವುದು ಹೊರಗಿನದು ಎಂಬ ಲೆಕ್ಕಕ್ಕೆ ಕೂತರೆ ಬೇಗ ದಣಿವಾಗುತ್ತದೆ. ನಾನು ಅಷ್ಟಕ್ಕೇ ಎದ್ದುಬಿಟ್ಟೆ.

ಇಳಕಲ್ಲಿನಲ್ಲಿ ಆಗ ನಮ್ಮವು ಐದಾರು ಮನೆಗಳು, ಎಲ್ಲ ಮುದಗಲ್ಲಿನ ಕಡೆಯಿಂದ ಬಂದ ನೇಕಾರರವು. ಚರ್ಚಿನ ಗುಡಿ ಇರಲಿಲ್ಲ. ಸಂಜೆಯ ಪ್ರಾರ್ಥನೆ ಸಾಂತಪ್ಪನ ಪಡಸಾಲೆಯಲ್ಲಿ. ನಡೆಸುತ್ತಿದ್ದವಳು ಅವನ ಹೆಂಡತಿ ಅನ್ನಮ್ಮ. ಓದು ಬರಹ ಬಾರದು, ಆದರೆ ಹಳೆಯ ಪುಸ್ತಕದಷ್ಟೂ ಬಾಯಲ್ಲಿತ್ತು. ಬೆರಳು ಸೆಟೆದು ನೂಲು ಸುತ್ತುವುದು ನಿಂತುಹೋಗಿತ್ತು, ಒಲೆ ಸೊಸೆ ರೋಜಮ್ಮನ ಕೈಗೆ ಹೋಗಿತ್ತು. ‘ನಮ್ಮ ಅತ್ತಿಯವರಿಗೆ ಈಗ ಇದೊಂದ ಉಳದೈತ್ರಿ ಮಾಸ್ತರ. ಸಂಜಿ ಆಗೂದನ್ನ ಮುಂಜಾನಿಂದ ಕಾಯ್ತಾರ,’ ಎಂದು ರೋಜಮ್ಮ ನನಗೆ ಒಮ್ಮೆ ಹೇಳಿದ್ದಳು. ಹೇಳಿದ್ದಳು ಎಂಬುದನ್ನು ನಾನಿಲ್ಲಿ ಬರೆಯಲೇಬೇಕು. ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ.

ಅನ್ನಮ್ಮನ ಪ್ರಾರ್ಥನೆಯಲ್ಲಿ ಒಂದು ತಪ್ಪಿತ್ತು. ‘ಪಿತ, ಸುತ, ಇಸ್ಪಿರಿತು, ಇವರ ನಾಮದಲ್ಲಿ’ ಎನ್ನುತ್ತಿದ್ದಳು. ವ್ಯಾಕರಣ ಎಷ್ಟು ಸರಿಯಾಗಿದೆ ನೋಡಿ! ಹೆಸರುಗಳನ್ನು ಸಾಲಾಗಿ ಹೇಳಿ ಕೊನೆಗೆ ‘ಇವರ’ ಎಂದರೆ ಯಾವ ಪರೀಕ್ಷಕನೂ ಅಂಕ ಕಳೆಯಲಾರ. ಹಾಗಾಗಿ ಸಾಂತು ಬಿಟ್ಟುಹೋದದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ನನ್ನ ಕಿವಿಗೆ ಬಿತ್ತು. ಪ್ರತಿ ಹತ್ತು ಮಣಿಗೊಮ್ಮೆ ಬರುವ ಸ್ತುತಿಯಲ್ಲೂ, ‘ಪಿತನಿಗೂ ಸುತನಿಗೂ ಇಸ್ಪಿರಿತು ಇವರಿಗೂ ಮಹಿಮೆ’ ಎನ್ನುತ್ತಿದ್ದಳು. ಅಲ್ಲಿ ವ್ಯಾಕರಣವೂ ಕುಂಟುತ್ತಿತ್ತು. ನಾನು ಹುನಗುಂದಕ್ಕೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಫಾದರು ಸಿಕ್ಕರು. ‘ಅನ್ನಮ್ಮ ಪವಿತ್ರಾತ್ಮನನ್ನು ಅರ್ಧಕ್ಕೇ ಬಿಡುತ್ತಾಳೆ,’ ಎಂದು ನಗೆಯಾಗಿ ಹೇಳಿದೆ. ಅವರು ನಗಲಿಲ್ಲ.

ಮುಂದಿನ ಭೇಟಿಗೆ ಅವರು ಬಂದದ್ದೇ ನಾನು ಮೊದಲು ಹೇಳಿದ ಶುಕ್ರವಾರ. ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಸಾಂತಪ್ಪ ಕಾಲು ಕುಣಿಯಲ್ಲಿಟ್ಟು ಮಗ್ಗದ ಮುಂದೆಯೇ ಇದ್ದ. ಪಕ್ಕದ ಮನೆಯ ಗುರುಬಸಪ್ಪ ಬಾಗಿಲಲ್ಲಿ ನಿಂತಿದ್ದ. ಲಿಂಗಾಯತನಾದ ಅವನಿಗೆ ನಮ್ಮ ಪ್ರಾರ್ಥನೆ ದಿನದ ಮನರಂಜನೆ. ‘ನಿಮ್ಮ ದೇವರಿಗೆ ಈಗ ಕನ್ನಡ ಬಂತೇನ್ರಿ ಮಾಸ್ತರ?’ ಎಂದು ಕೆಣಕುವವನು.

ಫಾದರು ಕರಾವಳಿಯವರು, ಒಳ್ಳೆಯವರು, ನೇರವಾದವರು. ‘ಅಮ್ಮಾ, ಶಿಲುಬೆಯ ಗುರುತು ಒಮ್ಮೆ ಪೂರ್ತಿ ಹೇಳಿ. ಬಂದರೆ ನೀವೇ ನಡೆಸಿ, ಹಳೆಯದಾದರೂ ಅಡ್ಡಿಯಿಲ್ಲ. ಬಾರದಿದ್ದರೆ ಇನ್ನು ಮೇಲೆ ಮಾಸ್ತರರು ಹೊಸ ಪುಸ್ತಕ ನೋಡಿ ಓದಲಿ,’ ಎಂದರು.

ಅನ್ನಮ್ಮ ಹೇಳಿದಳು. ‘ಇವರ’ ಎಂದೇ ಹೇಳಿದಳು.

‘ಇವರ ಅಲ್ಲಮ್ಮ. ಅಲ್ಲೊಂದು ಹೆಸರಿದೆ.’

‘ಅದ ರೀ, ಇವರು.’

‘ಇವರು ಅಂದರೆ ಯಾರು?’

ಅನ್ನಮ್ಮ ಸೆರಗು ಮುಂದೆಳೆದುಕೊಂಡು ಗದ್ದದಿಂದ ಮಗ್ಗದ ಕಡೆ ತೋರಿಸಿದಳು. ಫಾದರು ಆ ಕಡೆ ನೋಡಿದರು, ತಿಳಿಯಲಿಲ್ಲ. ದಿನಕ್ಕೆ ಹತ್ತು ಸಲ ‘ಸಾಂತಪ್ಪ’ ಎಂದು ಕೂಗುತ್ತಿದ್ದ ಕನ್ನಡ ಮಾಸ್ತರನಿಗೆ ಆಗಷ್ಟೇ ತಿಳಿಯಿತು. ಗುರುಬಸಪ್ಪನಿಗೆ ನನಗಿಂತ ಮೊದಲೇ ತಿಳಿದಿತ್ತು.

‘ಬಿಡ್ರಿ ಫಾದರ್! ಗಂಡನ ಹೆಸರ ಹ್ಯಾಂಗ ಅಂದಾಳ್ರಿ ಆಕಿ? ಲಗ್ನದಾಗ ಒಡಪ ಹೇಳಂದ್ರ ಸೆರಗ ಹೊಚಗೊಂಡ ಓಡಿದಾಕಿ!’

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಮನೆಯಲ್ಲಿ ಒತ್ತಾಯ ಮಾಡಿದರೆ ಪ್ರಾಸದ ಸಾಲಿನಲ್ಲಿ ಹುದುಗಿಸಿ ಹೇಳುತ್ತಾರೆ. ಅದು ಒಡಪು. ಅನ್ನಮ್ಮ ಅದನ್ನೂ ಹೇಳಿದವಳಲ್ಲ. ಫಾದರು ಇದನ್ನು ತಮಾಷೆ ಎಂದುಕೊಂಡರೋ ಏನೋ, ‘ದೇವರ ಹೆಸರು ಪೂರ್ತಿ ಬರಬೇಕಲ್ಲ,’ ಎಂದು ನನ್ನತ್ತ ತಿರುಗಿದರು. ಆಗ ನಾನು ಬಾಯಿ ತೆರೆಯಬಹುದಿತ್ತು. ಪುಸ್ತಕ ತೆರೆದೆ.

ಅನ್ನಮ್ಮ ಮೊಣಕಾಲೂರಿದಳು. ಹಣೆ, ಎದೆ, ಎಡ ಹೆಗಲು. ಕೈ ಬಲ ಹೆಗಲಿಗೆ ಬಂದು ನಿಂತಿತು.

‘ಸಾಂತು,’ ಎಂದಳು.

ಪಿಸುದನಿಯಲ್ಲಲ್ಲ. ಓಣಿಗೆ ಕೇಳುವ ಹಾಗೆ. ಕುಣಿಯಲ್ಲಿ ಸಾಂತಪ್ಪನ ಕಾಲು ಯಾತಕ್ಕೋ ತುಳಿಪಟ್ಟಿಯನ್ನು ಒತ್ತಿ ಮಗ್ಗ ಒಮ್ಮೆ ಸದ್ದು ಮಾಡಿತು. ರೋಜಮ್ಮ ಬಾಯಿಗೆ ಕೈ ಇಟ್ಟುಕೊಂಡು, ‘ಅಯ್ಯ, ಅತ್ತಿ ಒಡಪಿಲ್ಲದ ಅಂದಬಿಟ್ರಲ್ಲ!’ ಎಂದಳು. ಗುರುಬಸಪ್ಪ ಕೂಡ ನಗಲಿಲ್ಲ.

ಅನ್ನಮ್ಮನ ಕಣ್ಣು ಒದ್ದೆಯಾಗಿತ್ತು, ದನಿ ಒಣಗಿತ್ತು. ‘ಬರ್ತೈತಿ ಅನ್ನೂದು ತಿಳೀತಲ್ರಿ. ಒಮ್ಮೆ ಅಂದೇನಿ. ದಿನಾ ಅನ್ನಾಕ ನನ್ನ ಕೈಲೆ ಆಗೂದಿಲ್ಲ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಮಾಸ್ತರ, ಹೊಸಾದ್ರಾಗ ಆ ಜಾಗಾದಾಗ ಏನೈತಿ?’

‘ಪವಿತ್ರಾತ್ಮ.’

‘ಆ ಹೆಸರಿನವರು ನಮ್ಮ ಬೀಗರಾಗ, ಓಣ್ಯಾಗ ಯಾರರ ಅದಾರೇನು?’

‘ಇಲ್ಲ.’

‘ಹಂಗಾರ ಅದನ್ನ ಕಲಿಸ್ರಿ. ನೀವು ಓದ್ರಿ, ನಾ ಬಾಯಾಗ ಇಟಗೋತೇನಿ. ನಡಸಾಕಿ ನಾನ.’

ಫಾದರು ತಲೆಯಾಡಿಸಿದರು. ಬೇರೆ ಏನು ಮಾಡಿಯಾರು? ಜಪಸರದ ತಿಂಗಳು ಮುಗಿಯುವುದರೊಳಗೆ ಆಕೆ ಹೊಸ ಪುಸ್ತಕವನ್ನು ಪೂರ್ತಿ ಕಲಿತಳು, ನಾನು ಓದುವಾಗ ಮಾಡಿದ ಎರಡು ತಪ್ಪುಗಳ ಸಮೇತ. ಹೊಸ ಪ್ರಾರ್ಥನೆ ಯಾಕೆ ಬೇಕು ಎಂಬುದಕ್ಕೆ ರೋಮಿನ ಪಂಡಿತರು ಹಲವು ಕಾರಣ ಕೊಟ್ಟಿದ್ದಾರೆ. ಅನ್ನಮ್ಮನ ಕಾರಣ ಅವುಗಳಲ್ಲಿ ಇರಲಾರದು. ಹಳತೋ ಹೊಸತೋ ಎಂದು ಯಾರಾದರೂ ವಾದಕ್ಕೆ ಕರೆದರೆ ಈಗ ನಾನು ಹೋಗುವುದಿಲ್ಲ. ವಾದಿಸಲು ಶಕ್ತಿಯಿಲ್ಲ. ಆ ಪುಸ್ತಕ ಹಿಡಿದು ಗೋಡೆಗೂ ಕುಣಿಗೂ ನಡುವೆ ನಿಂತವನಿಗೆ ಹಕ್ಕೂ ಇಲ್ಲ.

ಆ ಫಾದರು ತಮ್ಮ ಕರಾವಳಿಗೆ ಹೋಗಿ ತೀರಿಕೊಂಡರು. ಅನ್ನಮ್ಮ ಹೋಗಿ ಮೂರು ವರ್ಷವಾಯಿತು. ಕೊನೆಯವರೆಗೂ ಪ್ರಾರ್ಥನೆ ಅವಳೇ ನಡೆಸಿದಳು. ಅಂದು ಕೇಳಿದವರಲ್ಲಿ ಈಗ ಇರುವವರು ನಾನು, ರೋಜಮ್ಮ, ಗುರುಬಸಪ್ಪ. ಗುರುಬಸಪ್ಪನ ಮಾತನ್ನು ಪೂರ್ತಿ ನಂಬಬೇಡಿ, ಮೂರು ಸಲ ಅಂದಳು ಎನ್ನುತ್ತಾನೆ. ಇನ್ನೊಬ್ಬ ಸಾಂತಪ್ಪ. ಕಿವಿ ಮಂದವಾಗಿದೆ, ಮಗ್ಗ ಬಿಟ್ಟಿದ್ದಾನೆ. ಹೋದ ತಿಂಗಳು ಅವನ ಹತ್ತಿರ ಕೂತು, ಆ ಸಂಜೆ ನಿನಗೆ ಸಿಟ್ಟು ಬಂದಿತ್ತೇ ಎಂದು ಎರಡು ಸಲ ಕೂಗಿ ಕೇಳಿದೆ. ಎರಡನೆಯ ಸಲಕ್ಕೆ ಕೇಳಿಸಿತು.

‘ಸಿಟ್ಟ ಎಲ್ಲೀದ್ರಿ ಮಾಸ್ತರ. ಭಾಳ ಚಲೋ ಇತ್ತು ಕೇಳಾಕ. ನೀವು ಆ ಹೊಸಾದನ್ನ ಅಷ್ಟ ಲಗೂನ ಕಲಿಸಬಾರದಿತ್ತು.’