ಅಂಚಿದ್ದ ಬೆಳಕು

ವರ್ಗೀಸ್ ಚೇಟ್ಟಾ, ನಿಮ್ಮ ಕ್ಯಾಮೆರಾದ ಬೆಲ್ಲೋಸಿಗೆ ತೂತು ಮಾಡಿದವನು ನಾನು. ಅದು ಸವೆದು ಆದದ್ದಲ್ಲ. ಸೂಜಿಯಿಂದ, ಹಗಲು ಹೊತ್ತಿನಲ್ಲಿ, ಬೇಕೆಂದೇ ಮಾಡಿದ್ದು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಸರಗೋಡಿನಿಂದ ಬಂದ ನಾನು ಎರ್ನಾಕುಲಂನಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಎಡಪ್ಪಳ್ಳಿಯಲ್ಲಿ ನಿಮ್ಮ ಸ್ಟುಡಿಯೋದ ಮಹಡಿಯಲ್ಲಿ ಬಾಡಿಗೆಗಿದ್ದೆ. ಮಡಿಚುವ ಹಳೆಯ ಕ್ಯಾಮೆರಾಗಳ ರಿಪೇರಿ ನನ್ನ ಹುಚ್ಚು. ಲೆನ್ಸಿಗೂ ಫಿಲ್ಮಿಗೂ ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ಕರಿ ಚರ್ಮವೇ ಬೆಲ್ಲೋಸ್. ಅದರ ಮೂಲೆಗಳು ಸವೆದರೆ ಬೆಳಕು ಸೋರಿ ಚಿತ್ರ ಹಾಳು. ಕತ್ತಲೆ ಕೋಣೆಯಲ್ಲಿ ಒಳಗೊಂದು ಟಾರ್ಚಿನ ಬಲ್ಬು ಇಟ್ಟರೆ ತೂತುಗಳೆಲ್ಲ ಹೊಳೆಯುತ್ತವೆ. ನಿಮ್ಮದಕ್ಕೆ ಹರಿದ ಕೊಡೆಯ ಬಟ್ಟೆಯನ್ನು ಉಗುರಗಲ ಕತ್ತರಿಸಿ, ಸೈಕಲ್ ಟ್ಯೂಬಿನ ಸೊಲ್ಯೂಷನ್ ತೆಳ್ಳಗೆ ಸವರಿ ಅಂಟಿಸಿದ್ದೆ. ಇನ್ನು ಇದರೊಳಗೆ ಸೂರ್ಯನೂ ನುಗ್ಗಲಾರ ಎಂದು ನೀವು ನಕ್ಕಿದ್ದಿರಿ. ಖುಷಿಗೆ ಮನೆಯಿಂದ ಕಪ್ಪ ಎಂಬ ಮರಗೆಣಸು, ಮೀನು ತರಿಸಿ, ನಾನು ಮೀನು ತಿನ್ನದವನೆಂದು ನೆನಪಾಗಿ, ಬರೀ ಗೆಣಸನ್ನು ಮೇಲಕ್ಕೆ ಕಳಿಸಿದ್ದಿರಿ.

ಅದೇ ಕ್ಯಾಮೆರಾ ಹಿಡಿದು ನೀವು ನೆಂಟರ ಮದುವೆಗೆಂದು ತಿರುವನಂತಪುರಕ್ಕೆ ಹೋದಿರಿ. ಅಲ್ಲಿ ಚಾಲೈ ಬಜಾರಿನಲ್ಲಿ ನನ್ನ ಭಾವನ — ಅಕ್ಕನ ಗಂಡನ — ಕಾಳುಮೆಣಸಿನ ಅಂಗಡಿ. ಲಾರಿಯಿಂದ ಮೂಟೆ ಇಳಿಸುವ ಹಕ್ಕು ಯಾರದು ಎಂದು ಜಗಳ. ಹೊರೆ ಹೊರುವ ಸುಕುಮಾರನ್ ಲಾರಿಗೆ ಅಡ್ಡ ನಿಂತ. ಭಾವ ಗೋಣಿ ಬಿಚ್ಚುವ ಚೂರಿಯಿಂದ ಅವನ ಕುತ್ತಿಗೆಗೆ ಹೊಡೆದರು. ಮತ್ತೆ ಹೊಡೆದರು. ರಕ್ತ ಮೂಟೆಗಳ ಮೇಲೆ ಚಿಮ್ಮಿತು. ಅವನು ಒಂದು ಕೈಯಲ್ಲಿ ಕುತ್ತಿಗೆ ಒತ್ತಿ, ಇನ್ನೊಂದರಲ್ಲಿ ಲಾರಿಯ ಹಗ್ಗ ಹಿಡಿದು ನಿಂತೇ ಇದ್ದನಂತೆ, ಬೀಳಲು ಒಪ್ಪದೆ. ಇದನ್ನೆಲ್ಲ ನನಗೆ ಹೇಳಿದವರು ನೀವು. ಒಂದು ಚಿತ್ರ ತೆಗೆದಿರಿ. ಇನ್ನೊಂದಕ್ಕೆ ಮೊದಲೇ ಗುಂಪು ನಿಮ್ಮನ್ನು ಕೆಡವಿತು. ಸುಕುಮಾರನ್ ಸತ್ತ. ಚೂರಿ ಸಿಗಲಿಲ್ಲ. ಕಣ್ಣಾರೆ ಕಂಡವರು ಸಾಕ್ಷಿಗೆ ಬರಲಿಲ್ಲ. ಉಳಿದದ್ದು ಆ ಚಿತ್ರ — ಭಾವನ ಎತ್ತಿದ ಕೈ, ಕೈಯಲ್ಲೊಂದು ಬಿಳಿ ಗೀರು.

ಅದು ಚೂರಿಯಲ್ಲ, ಸೋರಿದ ಬೆಳಕು ಎಂದರು ಭಾವನ ವಕೀಲರು. ಪೊಲೀಸರು ನೆಗೆಟಿವ್ ಮಾತ್ರ ಒಯ್ದಿದ್ದರು. ಕೋರ್ಟಿಗೆ ತರುವ ಮೊದಲು ಒಮ್ಮೆ ನೋಡಿಬಿಡು ಎಂದು ನೀವು ಕ್ಯಾಮೆರಾವನ್ನು ನನ್ನ ಕೈಗೇ ಕೊಟ್ಟಿರಿ. ಆ ಮನುಷ್ಯ ನನ್ನ ಅಕ್ಕನ ಗಂಡ ಎಂದು ಗೊತ್ತಿದ್ದೂ ಕೊಟ್ಟಿರಿ. ಯಾಕೆ ಎಂದು ಇವತ್ತಿಗೂ ನನಗೆ —

ಕಿಟಕಿ ಮುಚ್ಚಿ, ಬಲ್ಬು ಇಟ್ಟು ನೋಡಿದೆ. ಒಂದು ಚುಕ್ಕಿ ಬೆಳಕೂ ಇರಲಿಲ್ಲ. ಅಕ್ಕ ಆ ವಾರ ಹಾಲು ಕುಡಿಯುವ ಮಗುವಿನೊಂದಿಗೆ ನನ್ನಲ್ಲೇ ಇದ್ದಳು. ಹಿಂದೆ ನಿಂತು ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು: "ನೀನು ಸುಳ್ಳು ಹೇಳುವುದು ಬೇಡ ತಮ್ಮಾ. ಒಂದು ಒಟ್ಟೆ ಇದ್ದರೆ ಸಾಕು."

ತೂತು ಬೇಕೆಂದವಳು ಅವಳಾದರೂ ತಪ್ಪನ್ನು ಅವಳ ಮೇಲೆ ಹಾಕುತ್ತಿಲ್ಲ. ಸೂಜಿ ನನ್ನದು. ಯಾವ ಮೂಲೆಯಲ್ಲಿ ಚುಚ್ಚಿದರೆ ಸವೆತದಂತೆ ಕಾಣುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಕೋರ್ಟಿನಲ್ಲಿ ಕಿಟಕಿಗಳನ್ನು ಮುಚ್ಚಿಸಿ ಬಲ್ಬು ಹೊತ್ತಿಸಿದರು. ಚುಕ್ಕಿ ಹೊಳೆಯಿತು. ರಿಪೇರಿ ಮಾಡಿದವನೆಂದು ನನ್ನನ್ನು ಕೇಳಿದರು. ಬೆಳಕು ಸೋರಿರಬಹುದು ಎಂದೆ. ನೀವು ಕೂಗಾಡಲಿಲ್ಲ. ನನ್ನನ್ನೇ ನೋಡಿ, ಮಗನನ್ನು ಕರೆಯುವ ಹಾಗೆ, "ಮೋನೇ, ನೀನು ಮುಚ್ಚಿದ್ದೆಯಲ್ಲ?" ಎಂದಿರಿ.

ಭಾವ ಬಿಡುಗಡೆಯಾದರು. ನೀವು ಭಾವನ ಕಡೆಯವರಿಗೆ ನಿಮ್ಮನ್ನೇ ಮಾರಿಕೊಂಡು ಕ್ಯಾಮೆರಾ ಕೆಡಿಸಿದಿರಿ ಎಂದು ಸುಕುಮಾರನ್ ಗೆಳೆಯರು ನಂಬಿದರು. ಕೋರ್ಟಿನ ಗೇಟಿನ ಹೊರಗೆ ನಿಮ್ಮನ್ನು ಬೀಳಿಸಿ, ಬಲಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು, ಅದೇ ಕ್ಯಾಮೆರಾದಿಂದ ಜಜ್ಜಿದರು. ಬೆಲ್ಲೋಸ್ ಹರಿದು ನೇತಾಡುವವರೆಗೆ, ಆಮೇಲೂ. ಮೂಳೆ ಮುರಿದ ಸದ್ದು ಟ್ಯಾಕ್ಸಿಯ ಬಳಿ ನಿಂತಿದ್ದ ನನಗೆ ಕೇಳಿತು. ನಾನು ಹೇಳಬಹುದಿತ್ತು — ಒಂದೇ ಮಾತು. ಭಾವ ಬಾಗಿಲು ತೆರೆದರು. ಹತ್ತಿ ಕುಳಿತೆ.

ಸೋರಿದ ಬೆಳಕಿಗೆ ಅಂಚಿರುವುದಿಲ್ಲ ಚೇಟ್ಟಾ, ಹೊಗೆಯ ಹಾಗೆ ಹರಡಿಬಿಡುತ್ತದೆ. ಆ ಬಿಳಿ ಗೀರಿಗೆ ಅಂಚಿತ್ತು, ಮೊನೆಯಿತ್ತು. ಅದು ಬಿಸಿಲಿಗೆ ಹೊಳೆದ ಚೂರಿ.

ಭಾವ ಬದುಕಿದ್ದಾರೆ, ಇದು ಅಚ್ಚಾದಾಗ ಓದುತ್ತಾರೆ. ಅಕ್ಕನೂ ಓದುತ್ತಾಳೆ. ನೀವು ಓದಲಾರಿರಿ, ನಿಮಗೆ ಕನ್ನಡ ಬಾರದು. ಇಷ್ಟು ವರ್ಷ ಬಾಯಿ ಮುಚ್ಚಿದ್ದವನು ಕೊನೆಗೂ ಬಾಯಿ ಬಿಟ್ಟದ್ದು ನಿಮಗೆ ತಿಳಿಯದ ಭಾಷೆಯಲ್ಲಿ. ನಾಳೆ ಎಡಪ್ಪಳ್ಳಿಗೆ ಬಂದು ನಿಮ್ಮೆದುರು ನಿಂತು ಮಲಯಾಳದಲ್ಲಿ ಹೇಳುತ್ತೇನೆ. ಅಲ್ಲಿಂದ ಚಾಲೈಗೆ, ಸುಕುಮಾರನ್ ಹೆಂಡತಿಯ ಬಳಿಗೆ — ನೀವು ಬಂದರೆ ನಿಮ್ಮೊಂದಿಗೆ, ಬಾರದಿದ್ದರೆ ಒಬ್ಬನೇ.