ಹೆಸರು ಕೂಗದ ಮೇಷ್ಟ್ರು ಶ್ರೀ ಚನ್ನಬಸವಣ್ಣನವರು

ಮೈಸೂರು ಸೀಮೆಯ ಉಪಾಧ್ಯಾಯವರ್ಗದಲ್ಲಿ ಪಾಂಡಿತ್ಯದಿಂದ ಹೆಸರಾದವರುಂಟು, ಶಿಸ್ತಿನಿಂದ ಹೆಸರಾದವರುಂಟು. ಮಗುವಿಗೆ ಪಾಠ ಹತ್ತದಾಗ ಪುಸ್ತಕವನ್ನು ಬದಿಗಿರಿಸಿ, ಅದರ ಮನಸ್ಸಿನ ಬಾಗಿಲಲ್ಲಿ ಕಾದು ಕುಳಿತವರು ವಿರಳ. ವಾಕ್ಕಿಗೆ ಮನಸ್ಸೇ ತವರು. ತವರು ನೊಂದಿರುವಾಗ ಮಗಳು ಹೊಸ್ತಿಲು ದಾಟಿ ಹೊರಗೆ ಬಾರಳು. ಈ ಮಾತನ್ನು ಹಿರಿಯರಿಂದ ಕೇಳಿದವರು ಹಲವರಾದರೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಮಣ್ಣುಗೋಡೆಯ ಶಾಲೆಗಳಲ್ಲಿ ಅದನ್ನು ಬಾಳಿ ತೋರಿಸಿದವರು ಶ್ರೀ ಚನ್ನಬಸವಣ್ಣನವರು. ಈ ಚೈತ್ರದಲ್ಲಿ ಅವರು ಮಹಾಸ್ವಾಮಿಯವರ ಸರ್ಕಾರದ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಹಾರನಹಳ್ಳಿಯ ಲಿಂಗವಂತ ಒಕ್ಕಲು ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ತರಬೇತಿ ಪಡೆದು, ಹುಣಸೂರಿನಲ್ಲಿ ಕೆಲಕಾಲ ಸಹಾಯಕರಾಗಿದ್ದು, ಅವರು ಸರಗೂರಿಗೆ ಮುಖ್ಯೋಪಾಧ್ಯಾಯರಾಗಿ ಬಂದದ್ದು ಪ್ಲೇಗು ಇಳಿದು, ಜನರು ಊರ ಹೊರಗಿನ ಗುಡಿಸಲುಗಳಿಂದ ಮನೆಗಳಿಗೆ ಮರಳುತ್ತಿದ್ದ ವರ್ಷ.

ಅಂದಿನ ಪದ್ಧತಿಯಂತೆ ಬೆಳಿಗ್ಗೆ ಹೆಸರು ಕೂಗಿದಾಗ ಪ್ರತಿಯೊಂದು ಮಗುವೂ ಎದ್ದು ನಿಂತು "ಹಾಜರ್" ಎನ್ನಬೇಕು. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಅಸದುಲ್ಲಾನ ಮಗ ಖದೀರ ಎದ್ದು ನಿಲ್ಲುತ್ತಿದ್ದನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಆಗ ಸಹೋಪಾಧ್ಯಾಯರಾಗಿದ್ದ, ಇಂದು ಈ ಅಭಿನಂದನ ಸಮಿತಿಯ ಕಾರ್ಯದರ್ಶಿಗಳಾಗಿರುವ ತಿಮ್ಮಯ್ಯನವರು ಬೆತ್ತ ಹಿಡಿದು, "ಕೊಬ್ಬು ಕಣ್ರೀ ಇವನಿಗೆ. ನಾಕು ಬುಟ್ರೆ ಹಾಜರ್ ಏನು, ಹರಿಕಥೆನೇ ಬತ್ತದೆ" ಎಂದರು. ಚನ್ನಬಸವಣ್ಣನವರು ಬೆತ್ತವನ್ನು ಇಸಿದುಕೊಂಡು ಸೂರಿಗೆ ಸಿಕ್ಕಿಸಿದರು. ಹುಡುಗ ಸರದಿ ನೋಡಿ ಏಳುತ್ತಾನೆ, ಅವನ ಕಿವಿ ಮಂದವಿರಬೇಕೆಂದು ಭಾವಿಸಿ, ಮಾರನೆಯ ದಿನದಿಂದ ಅವನ ಹೆಸರನ್ನು ತಾವೇ ಗಟ್ಟಿಯಾಗಿ ಕೂಗತೊಡಗಿದರು. ಕೂಗು ಏರಿದಷ್ಟೂ ಹುಡುಗ ನಡುಗಿದ; ಒಂದು ಬೆಳಿಗ್ಗೆ ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡ.

ಅಂದು ಸಂಜೆ ಮೇಷ್ಟ್ರು ಅಸದುಲ್ಲಾನ ಜಗಲಿಯಲ್ಲಿ, ಕೆಂಡಕ್ಕೆ ಗಾಳಿಯೂದುವ ತಿದಿಯ ಪಕ್ಕದಲ್ಲಿ ಕುಳಿತರು. ವಿಭೂತಿ ಧರಿಸಿದ ಮೇಷ್ಟ್ರನ್ನು ಅಲ್ಲಿ ಕಂಡು, ತಪ್ಪಲೆ ತಂದಿದ್ದ ಪುಟ್ಟಸಿದ್ದಮ್ಮ ನಕ್ಕಳು.

"ಏನ್ ಮೇಷ್ಟ್ರೆ, ತಲೆಗೂ ಕಲಾಯಿ ಆಕುಸ್ಕತೀರಾ?"

"ಊಂ ಕಣವ್ವ, ಒಳಗೆಲ್ಲ ಕಿಲುಬು ಇಡುದದೆ."

ಆಕೆ ಹೋದ ಮೇಲೆ ಅಸದುಲ್ಲಾ ತಿದಿ ನಿಲ್ಲಿಸಿದ. "ತಾಯತ ಕಟ್ಸಿದೆ, ದರ್ಗಾಕ್ಕೆ ಕರ್ಕೊಂಡ್ ಹೋದೆ. ಏನ್ ಮಾಡ್ಲಿ ಮೇಷ್ಟ್ರೆ? ಪ್ಲೇಗಿನ ಗುಡಿಸಲ ತಾವ ಗುಮಾಸ್ತ ದಿನಾ ಬೆಳಿಗ್ಗೆ ಬಂದು, ಬದುಕಿರೋರ ಲೆಕ್ಕಕ್ಕೆ ಹೆಸರು ಕೂಗ್ತಿದ್ದ. ಒಳಗೆ ಮಲಗಿದ್ದೋರ ಪರವಾಗಿ ಮಕ್ಳು ಹಾಜರ್ ಅನ್ನೋದು. ಅವತ್ತು ಇವನ ತಾಯಿ ಬಷೀರಾಬಿ ಹೆಸರು ಕೂಗ್ದ. ಇವ್ನು ಹಾಜರ್ ಅಂದ. ಒಳಗೆ ಹೋಗಿ ನೋಡಿದ್ರೆ, ಅವ್ಳು ಆಗ್ಲೇ ಹೋಗ್ಬುಟ್ಟಿದ್ಲು. ಆವತ್ತು ಮುಚ್ಚಿದ ಬಾಯಿ."

ತಾವು ದಿನವೂ ಗಟ್ಟಿಯಾಗಿ ಕೂಗಿದ್ದು ಆ ಮಗುವಿಗೆ ಯಾವ ಕೂಗಾಗಿ ಕೇಳಿಸಿತೆಂಬುದು ಚನ್ನಬಸವಣ್ಣನವರಿಗೆ ಆಗ ಅರಿವಾಯಿತು.

ಮರುದಿನದಿಂದ ಆ ಶಾಲೆಯಲ್ಲಿ ಯಾರ ಹೆಸರನ್ನೂ ಕೂಗಲಿಲ್ಲ. ಲೆಕ್ಕ ಕಲಿಸಲು ಇಟ್ಟಿದ್ದ ಹುಣಸೆಬೀಜದ ರಾಶಿಯಿಂದ ಒಂದನ್ನು ತೆಗೆದು ಬಾಗಿಲ ಬಳಿಯ ಮಡಕೆಗೆ ಹಾಕಿದರೆ ಹಾಜರಿಯಾಯಿತು. ಮೊದಲ ಬೀಜ ಮೇಷ್ಟ್ರದು. ಒಬ್ಬನ ಮೌನ ಎದ್ದುಕಾಣದಿರಲೆಂದು ಎಲ್ಲರೂ ಮೌನವಾದರು. ಕಾರಣವನ್ನು ಮಾತ್ರ ಮೇಷ್ಟ್ರು ಮಕ್ಕಳಿಗೆ ಹೇಳಲಿಲ್ಲ. ಸಂಜೆ ಖದೀರನೊಡನೆ ಕಪಿಲೆಯ ದಡಕ್ಕೆ ನಡೆದು, ಹೊಳೆಯ ವಿಷಯ, ಹಕ್ಕಿಗಳ ವಿಷಯ ಹೇಳುತ್ತಿದ್ದರು. ಉತ್ತರ ಬೇಡುವ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ನಡುಕ ನಿಂತಿತು. ಹುಡುಗ ಸದ್ದಿಲ್ಲದೆ ನಗುವುದನ್ನು ಕಲಿತ. ಅವನ ಬಾಯಿಂದ ಒಂದು ಮಾತು ಕೇಳಬೇಕೆಂಬ ಹಂಬಲ ಮೇಷ್ಟ್ರಲ್ಲಿ ಜಪದಂತೆ ನೆಲೆಸಿತು.

ತನಿಖೆಗೆ ಬಂದ ಇನ್‌ಸ್ಪೆಕ್ಟರರು ಮಡಕೆಯನ್ನು ಕಂಡು, "ಇದೇನ್ರೀ, ಶಾಲೆಯೋ ಹುಣಸೆ ಮಂಡಿಯೋ? ನಾಳೆಯಿಂದ ಹೆಸರು ಕೂಗಿ" ಎಂದರು.

"ಆಗುವುದಿಲ್ಲ, ಸ್ವಾಮಿ. ಒಂದು ಮಗು ಹೆದರುತ್ತದೆ."

ಆ ಉತ್ತರಕ್ಕೆ ಮೇಷ್ಟ್ರಿಗೆ ಕಾಡಂಚಿನ ವೀರನಹೊಸಹಳ್ಳಿಗೆ ವರ್ಗವಾಯಿತು. ಎತ್ತಿನಗಾಡಿಯ ಹಿಂದೆ ಖದೀರ ಹೊಳೆಯವರೆಗೆ ಓಡಿಬಂದ. ತುಟಿ ಆಡಿತು, ಸ್ವರ ಹೊರಡಲಿಲ್ಲ.

ಬೆತ್ತ ಹಿಡಿದಿದ್ದ ತಿಮ್ಮಯ್ಯನವರೇ ಆ ಮಡಕೆಯನ್ನು ಕಾಪಾಡಿದರು. ತನಿಖೆಯ ದಿನ ಮಾತ್ರ ಅದನ್ನು ಅಟ್ಟಕ್ಕೇರಿಸುತ್ತಿದ್ದರು. ಆದರೆ ದಿನವೂ ಒಂದು ಬೀಜ ಹೆಚ್ಚಾಗಿ ಬೀಳುತ್ತಿತ್ತು. "ಯಾವನ್ಲಾ ಎರಡೆರಡು ಆಕ್ತಿರೋನು?" ಎಂದು ಒಮ್ಮೆ ಗದರಿದಾಗ, ಹಿಂದಿನ ಸಾಲಿನಿಂದ ಯಾರೂ ಕೇಳದಿದ್ದ ಕಂಠವೊಂದು ಎದ್ದಿತು:

"ದೊಡ್ಡ ಮೇಷ್ಟ್ರದು. ಅವ್ರು ಇಲ್ಲ ಅಂತ ಗೊತ್ತು ನಂಗೆ. ಆದ್ರೂ ಆಕ್ತೀನಿ."

ರಜ ಪಡೆದು ತಿಮ್ಮಯ್ಯನವರು ಈ ಸುದ್ದಿ ಹೊತ್ತು ವೀರನಹೊಸಹಳ್ಳಿಗೆ ಹೋದರು. ಚನ್ನಬಸವಣ್ಣನವರು ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡರು.

"ದನಿ ಎಂಗಿತ್ತಯ್ಯಾ?"

"ಉಡುಗ್ರ ದನಿ ಸಾರ್. ಇನ್ನೆಂಗಿರ್ತದೆ?"

"ಅಲ್ಲ ಕಣಯ್ಯ, ಎಂಗಿತ್ತು?"

ರಜ ಸಿಕ್ಕಿ ಮೇಷ್ಟ್ರು ಸರಗೂರಿಗೆ ಬರುವಷ್ಟರಲ್ಲಿ ಅಸದುಲ್ಲಾ ಮಗನೊಡನೆ ಕೊಡಗಿನ ಕಡೆ ಹೊರಟುಹೋಗಿದ್ದ.

ಅನಂತರ ಕೃಷ್ಣರಾಜನಗರದಲ್ಲಿಯೂ, ಮರಳಿ ಸರಗೂರಿನಲ್ಲಿಯೂ, ಬೆಚ್ಚಿದ ಮಕ್ಕಳು, ಮುನಿದ ಮಕ್ಕಳು, ಶಾಲೆ ಬಿಟ್ಟು ಓಡಿದ ಮಕ್ಕಳು ಎಷ್ಟೋ ಮಂದಿ ಅಂಥದೇ ಮಡಕೆಯ ನೆರಳಿನಲ್ಲಿ ಚೇತರಿಸಿಕೊಂಡರು. ಅವರೆಲ್ಲರ ದನಿಯನ್ನು ಕೇಳಿದ ಕಿವಿ ಇಂದಿಗೂ ಒಂದು ದನಿಗಾಗಿ ಕಾದಿದೆ.

ಖದೀರ ವಿರಾಜಪೇಟೆಯಲ್ಲಿ ಕಲಾಯಿ ಅಂಗಡಿ ಇಟ್ಟಿರುವನೆಂದು ತಿಳಿದು ಸಮಿತಿಯವರು ಹೇಳಿಕಳುಹಿಸಿದ್ದಾರೆ. ಇನ್ನೂ ಮರುಮಾತು ಬಂದಿಲ್ಲ. ಸನ್ಮಾನವೇ ಬೇಡವೆಂದಿದ್ದ ಚನ್ನಬಸವಣ್ಣನವರು ಈ ಸುದ್ದಿ ಕೇಳಿದ ಮೇಲೆ ಒಪ್ಪಿಕೊಂಡರು. "ಆರ ತುರಾಯಿ ಏನೂ ಬ್ಯಾಡ ತಿಮ್ಮಯ್ಯ. ಅವ್ನು ಬಂದ್ರೆ, ಒಂದ್ಸಲ ನನ್ ಎಸರು ಕೂಗ್ಲಿ. ಹಾಜರ್ ಅನ್ನೋಕೆ ನಾನಿನ್ನೂ ಇವ್ನಿ" ಎಂದರು.

ನಿವೃತ್ತಿಯ ಬಳಿಕ ಮನೆಯ ಜಗಲಿಯಲ್ಲಿಯೇ ಮಕ್ಕಳನ್ನು ಕೂರಿಸಿಕೊಳ್ಳುವ ಸಂಕಲ್ಪ ಅವರದು. ಮಡಕೆ ಆಗಲೇ ಅಲ್ಲಿಗೆ ಹೋಗಿದೆ. ಭಗವಂತನು ಅವರಿಗೆ ನೂರು ಶರದೃತುಗಳನ್ನು ಕರುಣಿಸಲಿ. ವಿರಾಜಪೇಟೆಯಿಂದ ಆ ಕರೆ ಎಷ್ಟು ತಡವಾಗಿ ಬಂದರೂ, ಓಗೊಡುವ ದನಿ ಅವರ ಕಂಠದಲ್ಲಿ ಉಳಿದಿರಲಿ.